ಅಪ್ಪನ ಕೋವಿಗಳನ್ನು ಯಾರಿಗೆ, ಹೇಗೆ ಮಾರುವುದು?

(ಈ ವಾರ ಉತ್ತರಿಸುತ್ತಿರುವವರು ಮೂವತ್ತು ವರ್ಷ ಕೋವಿ ಅಂಗಡಿ ನಡೆಸಿ ಈಗ ನಿವೃತ್ತರಾಗಿರುವ ವ್ಯಾಪಾರಿ.)

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟ. ಕಳೆದ ಮಳೆಗಾಲದಲ್ಲಿ ತಂದೆ ತೀರಿಕೊಂಡರು. ಮನೆಯಲ್ಲಿ ನಾಲ್ಕು ಕೋವಿಗಳಿವೆ. ಅಜ್ಜನ ಕಾಲದ ವೆಬ್ಲಿ ಅಂಡ್ ಸ್ಕಾಟ್ ಜೋಡಿ ನಳಿಗೆಯ ಹನ್ನೆರಡು ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಕೋವಿ ಮತ್ತು .315 ರೈಫಲ್ ತಂದೆಯ ಲೈಸೆನ್ಸಿನಲ್ಲಿವೆ. ಒಂದು .22 ರೈಫಲ್ ತಾಯಿಯ ಹೆಸರಿನಲ್ಲಿದೆ. ಅವರಿಗೆ ಈಗ 74 ವರ್ಷ. ಅಟ್ಟ ಗುಡಿಸುವಾಗ ಒಂದು ಕೇಪಿನ ಕೋವಿಯೂ (ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ಹಳೆಯ ಬಗೆ) ಸಿಕ್ಕಿತು, ಅದಕ್ಕೆ ಯಾವ ಕಾಗದವೂ ಇಲ್ಲ. ನಾನು, ತಂಗಿ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ, ಯಾರಿಗೂ ಕೋವಿಯ ಆಸಕ್ತಿ ಇಲ್ಲ. ಪಕ್ಕದ ತೋಟದವರು ಜೋಡಿ ನಳಿಗೆಗೆ ನಗದು ಕೊಡುತ್ತೇನೆ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಒಬ್ಬ ಡೀಲರ್ ನಾಲ್ಕಕ್ಕೂ ಸೇರಿಸಿ ಒಂದು ಮೊತ್ತ ಹೇಳಿದ್ದಾರೆ. ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಹಾಕಿದರೆ ಒಳ್ಳೆಯ ಬೆಲೆ ಬರುತ್ತದೆ ಎನ್ನುವುದು ಭಾವನ ಸಲಹೆ. ಯಾವ ದಾರಿ ಸರಿ? ಜೊತೆಗೆ ಅರ್ಧ ಪೆಟ್ಟಿಗೆ ತೋಟಾಗಳೂ ಗೋಡೆಯ ಮೇಲೆ ಒಂದು ಜೊತೆ ಕಡವೆ ಕೊಂಬೂ ಇವೆ.

ಉತ್ತರ: ನೀವು ಕೇಳಿರುವುದು ಬೆಲೆ, ನನ್ನ ಕಣ್ಣಿಗೆ ಬಿದ್ದದ್ದು ತಾರೀಖು. ಲೈಸೆನ್ಸ್ ಎನ್ನುವುದು ತೋಟದ ಪಹಣಿಯ ಹಾಗೆ ತಂದೆಯಿಂದ ಮಕ್ಕಳಿಗೆ ಹರಿದು ಬರುವುದಿಲ್ಲ. ಅದು ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಆ ವ್ಯಕ್ತಿಯ ಜೊತೆಗೇ ಮುಗಿಯುತ್ತದೆ. ತಂದೆಯ ಲೈಸೆನ್ಸಿನಲ್ಲಿದ್ದ ಎರಡು ಕೋವಿಗಳು ಆಸ್ತಿಯಾಗಿ ತಾಯಿ, ನೀವು, ತಂಗಿ ಮೂವರಿಗೂ ಸೇರುತ್ತವೆ ನಿಜ, ಆದರೆ ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಇವತ್ತು ನಿಮ್ಮ ಮೂವರಲ್ಲಿ ಯಾರಿಗೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಕೋವಿಗಳನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಬೇಕು. ಈಗಾಗಲೇ ತಡವಾಗಿದೆ. ಮಾರಾಟದ ಮಾತನ್ನು ಬದಿಗಿಟ್ಟು ಈ ವಾರವೇ ಠೇವಣಿ ಇಡಿಸಿ. ಚುನಾವಣೆ ಬಂದಾಗಲೆಲ್ಲ ತಂದೆಯವರು ಠಾಣೆಗೆ ಒಯ್ದು ಇಟ್ಟು ರಸೀದಿ ತರುತ್ತಿದ್ದರಲ್ಲ, ದಾರಿ ಅದೇ. ಈ ಸಲ ಮರಣ ಪ್ರಮಾಣಪತ್ರ, ಮೂಲ ಲೈಸೆನ್ಸ್ ಮತ್ತು ಒಂದು ಮನವಿ ಪತ್ರ ಜೊತೆಯಲ್ಲಿರಬೇಕು. ತಡವಾಗಿರುವುದರಿಂದ ಕೋವಿ ಹೊತ್ತು ಹೊರಡುವ ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದ ರೀತಿಯಲ್ಲೇ ಒಯ್ಯಿರಿ. ಒಬ್ಬ ವಕೀಲರನ್ನು ಜೊತೆಗೆ ಕರೆದೊಯ್ದರೆ ಖರ್ಚು ದಂಡವಾಗುವುದಿಲ್ಲ.

ಠಾಣೆಯೋ ಡೀಲರೋ ಎಂದರೆ ನನ್ನ ಮತ ಡೀಲರಿಗೆ. ಇದು ಕುಲಬಾಂಧವರ ಮೇಲಿನ ಮಮತೆಯಲ್ಲ. ನಿಮ್ಮ ಕಡೆಯ ಮಳೆಗೆ, ಠಾಣೆಯ ಉಗ್ರಾಣದ ಮೂಲೆಯಲ್ಲಿ ಎಣ್ಣೆ ಕಾಣದೆ ನಿಂತ ಕೋವಿ ಎರಡು ಜಡಿಮಳೆ ಕಳೆಯುವಷ್ಟರಲ್ಲಿ ಒಳಗಿನಿಂದ ತುಕ್ಕು ತಿಂದಿರುತ್ತದೆ. ಡೀಲರ್ ತಿಂಗಳ ಬಾಡಿಗೆ ಕೇಳುತ್ತಾರೆ. ಅದನ್ನು ಮೊದಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಮಾರುವ ದಿನ ಬಾಡಿಗೆಯ ಲೆಕ್ಕವೇ ಕೋವಿಯ ಬೆಲೆಯನ್ನು ನುಂಗಿರುತ್ತದೆ. ರಸೀದಿಯಲ್ಲಿ ತಯಾರಕರ ಹೆಸರು, ಬೋರ್, ಕ್ರಮಸಂಖ್ಯೆ ಮೂರೂ ಇರಬೇಕು. 'ಹಳೆಯ ಬಂದೂಕು 2' ಎಂದು ಬರೆದ ಚೀಟಿ ನಾಳೆ ಯಾವುದಕ್ಕೂ ಬರುವುದಿಲ್ಲ. ಠೇವಣಿಗೂ ಅವಧಿ ಇದೆ, ಅದು ಮೀರಿದರೆ ಕೋವಿ ಸರ್ಕಾರಕ್ಕೆ ಮುಟ್ಟುಗೋಲು. ಇಟ್ಟು ಮರೆತ ಕುಟುಂಬಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಿಮಗೆ ಬಂದಿರುವ ಮೂರು ಸಲಹೆಗಳು. ಪಕ್ಕದ ತೋಟದವರದು ಮೂರರಲ್ಲೂ ಕೆಟ್ಟದ್ದು. ಅವರಲ್ಲಿ ಲೈಸೆನ್ಸ್ ಇದ್ದರೂ ಅದರಲ್ಲಿ ಜಾಗ ಇದೆಯೇ? 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡೇ ಕೋವಿ. ಅದಕ್ಕೆ ಮೊದಲು ಮೂರಕ್ಕೆ ಅವಕಾಶವಿತ್ತು. ಕಾನೂನು ಮೀರಿ ಕೋವಿ ಮಾರಿದವರಿಗೆ ಅದೇ ತಿದ್ದುಪಡಿ ಶಿಕ್ಷೆಯನ್ನೂ ಏರಿಸಿತು: ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. 'ಕಾಗದ ಆಮೇಲೆ' ಎನ್ನುವ ಮಾತಿನ ಬೆಲೆ ಅಷ್ಟು. ಅವರು ಎಷ್ಟೇ ಒಳ್ಳೆಯ ನೆರೆಯವರಾಗಿರಲಿ, ಹತ್ತು ವರ್ಷದ ನಂತರ ಆ ಕೋವಿ ಯಾವುದೋ ಕಾಡುಹಂದಿಯ ಪ್ರಕರಣದಲ್ಲೋ ಅದಕ್ಕಿಂತ ಕೆಟ್ಟದ್ದರಲ್ಲೋ ಸಿಕ್ಕಿಬಿದ್ದರೆ ಪೊಲೀಸರು ಬರುವುದು ದಾಖಲೆಯಲ್ಲಿ ಕೊನೆಯ ಹೆಸರು ಇರುವ ಮನೆಗೆ.

ಭಾವನ ಸಲಹೆಯೂ ಬೇಡ. ಫೋಟೊದಲ್ಲಿ ಕ್ರಮಸಂಖ್ಯೆ ಕಾಣುತ್ತದೆ, ಮನೆಯಲ್ಲಿ ಕೋವಿ ಇದೆ ಮತ್ತು ಗಂಡಸರು ಊರಲ್ಲಿಲ್ಲ ಎಂಬುದು ಗೊತ್ತಿಲ್ಲದವರಿಗೆಲ್ಲ ಗೊತ್ತಾಗುತ್ತದೆ. ಕೊಳ್ಳುವವರು ಲೈಸೆನ್ಸಿನ ಫೋಟೊ ಕಳಿಸಿದರೂ ಅದು ಅವರದೇ ಎಂದು ನೀವು ಹೇಗೆ ಹೇಳುತ್ತೀರಿ?

ಉಳಿದದ್ದು ಡೀಲರ್. ಇಲ್ಲಿ ನನ್ನ ವೃತ್ತಿಯ ಗುಟ್ಟು ಹೇಳಲೇಬೇಕು. 'ಎಲ್ಲ ಒಟ್ಟಿಗೆ ಕೊಟ್ಟುಬಿಡಿ' ಎನ್ನುವ ಡೀಲರ್ ಮನಸ್ಸಿನಲ್ಲೇ ಒಂದೊಂದಕ್ಕೂ ಬೇರೆ ಬೇರೆ ಬೆಲೆ ಕಟ್ಟಿರುತ್ತಾನೆ. ಒಟ್ಟು ಮೊತ್ತದಲ್ಲಿ ಒಂದು ಕೋವಿ ಅವನಿಗೆ ಪುಕ್ಕಟೆ ಬಂದಿರುತ್ತದೆ, ಯಾವುದು ಎಂದು ಅವನಿಗಷ್ಟೇ ಗೊತ್ತು. ನಾನೂ ಹಾಗೆ ಮಾಡಿದ್ದೇನೆ. ಒಮ್ಮೆ ಒಂದು ಮನೆಯಿಂದ ಮೂರು ಕೋವಿಗಳನ್ನು ಒಟ್ಟಿಗೆ ಕೊಂಡಾಗ, ಹೋಗುವಾಗ ತೆಗೆದುಕೊಂಡು ಹೋಗಿ ಎಂದು ಮನೆಯವರು ಒಂದು ಚರ್ಮದ ಪೆಟ್ಟಿಗೆಯನ್ನೂ ಕೊಟ್ಟರು. ಅಂಗಡಿಗೆ ಬಂದು ತೆರೆದರೆ ಒಳಮುಚ್ಚಳದಲ್ಲಿ ತಯಾರಕರ ಚೀಟಿ, ಒರೆಸುವ ಕೋಲು, ಎಣ್ಣೆಯ ಸೀಸೆ, ಎಲ್ಲವೂ ತಮ್ಮ ತಮ್ಮ ಗುಳಿಯಲ್ಲಿ ಮಲಗಿದ್ದವು. ಆ ಪೆಟ್ಟಿಗೆಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ನಿಮ್ಮ ಅಜ್ಜನ ಟ್ರಂಕನ್ನು ಒಮ್ಮೆ ಚೆನ್ನಾಗಿ ತಡಕಿ, ಕೊಂಡಾಗಿನ ಮೂಲ ರಸೀದಿ ಸಿಕ್ಕರೂ ಸಾಕು.

ಹಾಗಾಗಿ ನಾಲ್ಕನ್ನು ನಾಲ್ಕಾಗಿಯೇ ನೋಡಿ.

ವೆಬ್ಲಿ ಅಂಡ್ ಸ್ಕಾಟ್ ಬರ್ಮಿಂಗ್‌ಹ್ಯಾಮ್‌ನ ಹೆಸರಾಂತ ಕಂಪನಿ. ಆದರೆ ಹೆಸರು ಕೇಳಿ ಎದೆ ಉಬ್ಬಿಸಬೇಡಿ. ಅವರು ದುಬಾರಿ ಕೋವಿಗಳ ಜೊತೆಗೆ ತೋಟದವರು ಕೊಳ್ಳಬಹುದಾದ ಸಾದಾ ಕೋವಿಗಳನ್ನೂ ಮಾಡಿದ್ದಾರೆ. 1980ರ ದಶಕದಿಂದ ವಿದೇಶಿ ಕೋವಿಯ ಆಮದು ಸಾಮಾನ್ಯರಿಗೆ ಹೆಚ್ಚುಕಡಿಮೆ ಮುಚ್ಚಿಹೋಗಿರುವುದರಿಂದ ಹಳೆಯ ವಿದೇಶಿ ಪಿಸ್ತೂಲುಗಳಿಗೆ ಚಿನ್ನದ ಬೆಲೆ ಬಂತು, ಜೋಡಿ ನಳಿಗೆಗೆ ಆ ಭಾಗ್ಯ ಬರಲಿಲ್ಲ. 2019ರ ತಿದ್ದುಪಡಿಯಿಂದ ಮೂರರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಬಿಟ್ಟದ್ದು ಹನ್ನೆರಡು ಬೋರನ್ನೇ. ಬೆಲೆ ನಿಂತಿರುವುದು ನಳಿಗೆಯ ಮೇಲೆ. ಕೋವಿ ಠೇವಣಿಯಲ್ಲಿರುವಾಗ ಡೀಲರ್ ಎದುರಿಗೇ ಪರೀಕ್ಷೆ ಮಾಡಿಸಿ. ನಳಿಗೆ ಬಿಡಿಸಿ ಬೆಳಕಿಗೆ ಹಿಡಿದಾಗ ಒಳಗೆ ಕನ್ನಡಿಯಂಥ ಉಂಗುರಗಳು ಮುರಿಯದೆ ಸಾಗಬೇಕು. ಕಪ್ಪು ಚುಕ್ಕೆಗಳಿದ್ದರೆ ತುಕ್ಕು, ಉಂಗುರ ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ನಗ್ಗಿದೆ ಎಂದು ಅರ್ಥ. ಆಮೇಲೆ ನಳಿಗೆಯ ಜೋಡಿಯನ್ನು ಕೊಕ್ಕೆಯಿಂದ ತೂಗುಬಿಟ್ಟು ಬೆರಳ ಗಿಣ್ಣಿನಿಂದ ತಟ್ಟಿಸಿ. ದೇವಸ್ಥಾನದ ಗಂಟೆಯ ಹಾಗೆ ಗುಂಯ್ ಎಂದರೆ ಬೆಸುಗೆ ಗಟ್ಟಿ. ಒಡೆದ ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳನ್ನು ಹಿಡಿದಿರುವ ಪಟ್ಟಿ ಎಲ್ಲೋ ಬಿಟ್ಟಿದೆ. ನಳಿಗೆಯ ಅಡಿಭಾಗದಲ್ಲಿ ಅದರ ಬಲವನ್ನು ಪರೀಕ್ಷಿಸಿದ ಪರೀಕ್ಷಾಗೃಹದ ಮುದ್ರೆಗಳಿರುತ್ತವೆ, ಅವನ್ನೂ ನೋಡಿಸಿ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಬಹುಪಾಲು ಕರಿಮದ್ದಿನ ಕಾಲದ್ದು. ಇಂದಿನ ತೋಟಾ ಹಾಕಿ ಹೊಡೆದರೆ ಒಡೆಯುವ ಅಪಾಯವಿದೆ. ಕೊಳ್ಳುವವರಿಗೆ ಇದನ್ನು ಹೇಳದೆ ಮಾರುವುದು ಪಾಪ. ಮಾರುವ ಮೊದಲು ಹೊಳೆಯಲಿ ಎಂದು ಮರಳು ಕಾಗದ ಹಾಕಿ ಉಜ್ಜಿಸಿದರೆ ಇದ್ದ ಬೆಲೆಯೂ ಹೋಗುತ್ತದೆ. ಹಾಗೆಯೇ, ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲಂಡನ್ ಹರಾಜಿನ ಬೆಲೆಗಳನ್ನು ಮೊಬೈಲಿನಲ್ಲಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

.315 ರೈಫಲಿನದು ಸರಳ ಲೆಕ್ಕ. ಸಾಮಾನ್ಯವಾಗಿ ಅದು ನಮ್ಮದೇ ಸರ್ಕಾರಿ ಕಾರ್ಖಾನೆಯದು, ಹೊಸದರ ಬೆಲೆ ಎಲ್ಲರಿಗೂ ಗೊತ್ತು, ಹಳೆಯದು ಅದನ್ನು ದಾಟುವುದಿಲ್ಲ. ಬೇಗ ಹೋಗುತ್ತದೆ. ಬೋರ್ ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ. ಹಳಬರು .303 ಎಂದೂ .315 ಎಂದೂ ಅದಲುಬದಲಾಗಿ ಹೇಳುವುದುಂಟು. .303 ನಿಷೇಧಿತ ಬೋರ್, ಎಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ್ದು, ಅದರ ದಾರಿಯೇ ಬೇರೆ.

ಈ ಎರಡನ್ನು ಮಾರಲು ಮೂವರು ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ ಬೇಕು. ಡೀಲರಿಗೆ ನೇರವಾಗಿ ಮಾರುವುದಕ್ಕಿಂತ ಕಮಿಷನ್ ಮೇಲೆ ಮಾರಿಸುವುದು ಲೇಸು. ಹಣ ತಡವಾಗಿ ಬರುತ್ತದೆ, ಹೆಚ್ಚು ಬರುತ್ತದೆ. ಕಮಿಷನ್ ಎಷ್ಟು, ನಿಮ್ಮ ಕನಿಷ್ಠ ಬೆಲೆ ಎಷ್ಟು, ಎಷ್ಟು ತಿಂಗಳು ಎಂಬುದು ಬರವಣಿಗೆಯಲ್ಲಿರಲಿ.

ತಾಯಿಯ .22 ಬೇರೆ ಕಥೆ. ಅವರು ಬದುಕಿದ್ದಾರೆ, ಲೈಸೆನ್ಸ್ ನವೀಕರಣವಾಗಿದ್ದರೆ ಮತ್ತು ಅದರಲ್ಲಿ ಯುಐಎನ್ (ಪ್ರತಿ ಲೈಸೆನ್ಸುದಾರರಿಗೂ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದ್ದರೆ ಅವರೇ ಮಾರಬಹುದು. ಕಾಯ್ದೆಯ 5ನೇ ಕಲಮು ಇದಕ್ಕೆ ದಾರಿ ಕೊಡುತ್ತದೆ: ಯಾರಿಗೆ ಮಾರುತ್ತೇನೆ, ಅವರ ವಿಳಾಸ ಏನು ಎಂದು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ತಿಳಿಸಿ 45 ದಿನ ಕಳೆಯಬೇಕು. ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ 45 ದಿನ ರೈಫಲ್ ಕೈ ಬದಲಾಗಬಾರದು, ಪೂರ್ತಿ ಹಣವನ್ನೂ ತೆಗೆದುಕೊಳ್ಳಬೇಡಿ. ಗುರಿ ಅಭ್ಯಾಸದ ಕ್ರೀಡಾಪಟುಗಳು .22 ಹುಡುಕುತ್ತಿರುತ್ತಾರೆ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲಿ ವಿಚಾರಿಸಿ. ಕೊಟ್ಟ ದಿನ ಕೊಂಡವರ ಲೈಸೆನ್ಸಿನಲ್ಲಿ ಕೋವಿ ನಮೂದಾದ ಪುಟದ ಪ್ರತಿ ಪಡೆಯಿರಿ, ತಾಯಿಯ ಲೈಸೆನ್ಸಿನಿಂದ ತೆಗೆಸಿ. ಈ ಕೊನೆಯ ಕೆಲಸವನ್ನು ಹತ್ತರಲ್ಲಿ ಎಂಟು ಮಂದಿ ಮರೆಯುತ್ತಾರೆ. ಅಂದ ಹಾಗೆ, 70 ದಾಟಿದ ಲೈಸೆನ್ಸುದಾರರು ಬದುಕಿರುವಾಗಲೇ ಕೋವಿಯನ್ನು ವಾರಸುದಾರರ ಹೆಸರಿಗೆ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ತಂಗಿಯ ಮನಸ್ಸು ಬದಲಾದರೆ ಇದು ನೆನಪಿರಲಿ. ವಾರಸುದಾರರೂ ಲೈಸೆನ್ಸ್ ಪಡೆದೇ ಇಟ್ಟುಕೊಳ್ಳಬೇಕು, ಎರಡರ ಮಿತಿ ಅವರಿಗೂ ಉಂಟು.

ಕೇಪಿನ ಕೋವಿಯ ಬಗ್ಗೆ ಮಾರಾಟದ ಮಾತೇ ಇಲ್ಲ. ದುರಸ್ತಿ ಮಾಡಿದರೂ ಹೊಡೆಯಲಾಗದ ಹಳೆಯ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಎಂದು 45ನೇ ಕಲಮು ಹೇಳುತ್ತದೆ. ಇದನ್ನು ಓದಿದವರೆಲ್ಲ 'ನಮ್ಮದು ತುಕ್ಕು ಹಿಡಿದಿದೆ, ಪರವಾಗಿಲ್ಲ' ಎಂದುಕೊಳ್ಳುತ್ತಾರೆ. ಕೇಪಿನ ಕೋವಿಯ ರಚನೆ ಎಷ್ಟು ಸರಳ ಎಂದರೆ ಒಬ್ಬ ಕುಶಲ ಕಮ್ಮಾರ ಅದನ್ನು ಒಂದು ಮಧ್ಯಾಹ್ನದಲ್ಲಿ ಎಬ್ಬಿಸುತ್ತಾನೆ. ತೀರ್ಮಾನ ನಿಮ್ಮದಲ್ಲ, ಅಧಿಕಾರಿಗಳದು. ಅಜ್ಜನ ಹಳೆಯ ಲೈಸೆನ್ಸ್ ಪುಸ್ತಕ ಸಿಗುತ್ತದೆಯೇ ನೋಡಿ, ಸಿಗದಿದ್ದರೆ ವಕೀಲರ ಮೂಲಕ ಬರವಣಿಗೆಯಲ್ಲಿ ತಿಳಿಸಿ ಒಪ್ಪಿಸಿಬಿಡಿ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಅಂಗಡಿಗೆ ತೋರಿಸಲು ಹೊರಡಬೇಡಿ.

ತೋಟಾಗಳಿಗೂ ಇದೇ ಕಾನೂನು. ಕೋವಿಯ ಜೊತೆಗೇ ಎಣಿಸಿ ಕೊಟ್ಟು ರಸೀದಿಯಲ್ಲಿ ಬರೆಸಿ. ಕೆರೆಗೆ ಎಸೆಯುವುದು, ಕಸದ ಬೆಂಕಿಗೆ ಹಾಕುವುದು ಬೇಡವೇ ಬೇಡ. ಕಡವೆ ಕೊಂಬು ವನ್ಯಜೀವಿ ಕಾಯ್ದೆಯ ವಿಷಯ, ಅದನ್ನು ಯಾವ ಬೆಲೆಗೂ ಮಾರುವಂತಿಲ್ಲ. ಒಡೆತನದ ಪ್ರಮಾಣಪತ್ರ ಇದೆಯೇ ಎಂದು ಹುಡುಕಿ. ಹುಲಿಯುಗುರಿನ ಪದಕ ಧರಿಸಿದವರ ಮೇಲೆ ಪ್ರಕರಣ ದಾಖಲಾದ 2023ರ ಗದ್ದಲ ನೆನಪಿದೆಯಲ್ಲ.

ಪ್ರಶ್ನೆ: ನಾವು ಕೊಡವರು. ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ಅಗತ್ಯವಿಲ್ಲ. ಮನೆಯ ಕೋವಿಯನ್ನು ಮೈಸೂರಿನ ಸ್ನೇಹಿತರಿಗೆ ಹಾಗೆಯೇ ಮಾರಬಹುದೇ?

ಉತ್ತರ: ಇಲ್ಲ. ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹೊಂದಿದವರು), ಕೋವಿಗಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಕೋವಿ ನಿಮ್ಮ ಕೈ ದಾಟಿದ ಕ್ಷಣ ಆ ರಕ್ಷಣೆ ಮುಗಿಯಿತು. ಮೈಸೂರಿನವರ ಕೈಯಲ್ಲಿ ಅದು ಲೈಸೆನ್ಸ್ ಬೇಕಾದ ಕೋವಿಯೇ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ವಿನಾಯಿತಿ ಪತ್ರ ಮತ್ತು ಕೋವಿಯ ವಿವರ ಒಯ್ದು, ಅವರ ಲಿಖಿತ ಅನುಮತಿ ಪಡೆದೇ ಮುಂದಿನ ಹೆಜ್ಜೆ ಇಡಿ.

ಅದಕ್ಕೂ ಮೊದಲು ಒಕ್ಕದ (ಮನೆತನದ) ಪಟ್ಟೆದಾರರನ್ನು, ಎಂದರೆ ಹಿರಿಯ ಯಜಮಾನರನ್ನು ಕೇಳಿದ್ದೀರಾ? ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್‌ ಹಬ್ಬದಲ್ಲಿ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜಿಸುವ ಕೋವಿ, ಮನೆಯಲ್ಲಿ ಸಾವಾದಾಗ ಗುಂಡು ಹಾರಿಸುವ ಕೋವಿ ಒಬ್ಬರ ಸ್ವತ್ತೋ ಒಕ್ಕದ್ದೋ ಎಂಬುದರ ಮೇಲೆ ನನ್ನ ಅಂಗಡಿಯಲ್ಲೇ ಅಣ್ಣತಮ್ಮಂದಿರು ಜಗಳಕ್ಕೆ ನಿಂತದ್ದನ್ನು ನೋಡಿದ್ದೇನೆ. ಎಲ್ಲರೂ ಒಪ್ಪಿದರೆ ಸ್ನೇಹಿತರು ಮೊದಲು ತಮ್ಮ ಲೈಸೆನ್ಸ್ ಮಾಡಿಸಿಕೊಂಡು ಬರಲಿ. ಅಲ್ಲಿಯವರೆಗೆ ಅವರಿಂದ ಮುಂಗಡವನ್ನೂ ಮುಟ್ಟಬೇಡಿ.