ಧಾರವಾಡದ ಸಿದ್ದಿಗಳಿಗೂ ಎಸ್‌ಟಿ ಪ್ರಮಾಣಪತ್ರ ಸಿಗಬೇಕು

"ಸಿದ್ದಿ ಎಸ್‌ಟಿ ಉತ್ತರ ಕನ್ನಡದವರಿಗೆ ಮಾತ್ರ" ಅಂತ ಹೇಳಿ ಧಾರವಾಡ ಜಿಲ್ಲೆಯ ಸಿದ್ದಿಗಳಾದ (ಆಫ್ರಿಕಾ ಮೂಲದ ಸಮುದಾಯ) ನಿಮ್ಮ ಅರ್ಜಿ ತಿರಸ್ಕರಿಸಿದ್ದರೆ, ಬಹುಶಃ ಹಳೇ ಪಟ್ಟಿ ನೋಡಿದ್ದಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯವರನ್ನಷ್ಟೇ ಪರಿಶಿಷ್ಟ ಪಂಗಡದ (ಎಸ್‌ಟಿ) ಪಟ್ಟಿಗೆ ಸೇರಿಸಿದ್ದರು. ಜಿಲ್ಲೆಯ ಗಡಿ ದಾಟಿದರೆ ಅದೇ ಮನೆತನದವರೂ ಪಟ್ಟಿಯಿಂದ ಹೊರಗೆ! ದೊಡ್ಡ ಅನ್ಯಾಯ ಅದು. ಆ ಪಟ್ಟಿಯ 2020ರ ತಿದ್ದುಪಡಿ ಕಾಯ್ದೆ ಬೆಳಗಾವಿ, ಧಾರವಾಡದವರನ್ನೂ ಸೇರಿಸಿತು.

ಮೊದಲು ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ. ಆ ಕಾಯ್ದೆಯ ಪ್ರತಿ, ತಂದೆಯ ಶಾಲಾ ದಾಖಲೆ ಇಟ್ಟು 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿ. ದಾಖಲೆಯಲ್ಲಿ ಧರ್ಮ ಮುಸ್ಲಿಂ ಅಥವಾ ಕ್ರೈಸ್ತ ಅಂತಿದ್ದರೂ ಹೆದರಬೇಡಿ. ಪರಿಶಿಷ್ಟ ಜಾತಿಗಿರುವಂತೆ ಪಂಗಡಕ್ಕೆ ಧರ್ಮದ ಷರತ್ತು ಇಲ್ಲ. ಜಾತಿಯ ಜಾಗದಲ್ಲಿ 'ಸಿದ್ದಿ' ಅಂತ ಇಲ್ಲದಿದ್ದರೆ ಮಾತ್ರ ಸ್ವಲ್ಪ ಕಷ್ಟವಾಗಬಹುದು. ಆಗ ಊರಿಗೆ ಬಂದು ವಿಚಾರಣೆ ಮಾಡಿ ಅಂತ ಮೇಲ್ಮನವಿಯಲ್ಲೇ ಕೇಳಿ.