ಫಾರ್ಮೂ ತುಂಬಿ, ಗುಡ್ಡಕ್ಕೂ ಹೋಗಿ

ಸವದತ್ತಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು. ತಾಯಿಗೆ 1990ರ ಆಸುಪಾಸಿನಲ್ಲಿ ಮುತ್ತು ಕಟ್ಟಿದ್ದರು, ಅಂದರೆ ಎಲ್ಲಮ್ಮನ ಹೆಸರಿನಲ್ಲಿ ದೇವದಾಸಿ ಮಾಡಿದ್ದರು. ಮಗಳಿಗೆ ಈಗ 24 ವರ್ಷ. ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಹೋಯಿತು, ಅಲ್ಲಿಗೆ ಓದೂ ನಿಂತಿತು. ಬೆಳಗಾವಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ವಕೀಲೆ ಆಗುವ ಆಸೆ ಮಾತ್ರ ಹೋಗಿಲ್ಲ. ‘ನಮ್ಮಂಥವರಿಗೆ ಇದು ಆಗೋ ಮಾತಾ? ಅವ್ವನಿಗೆ ಇಂಥ ಬದುಕು ಕೊಟ್ಟ ಎಲ್ಲಮ್ಮನನ್ನು ನಾನಿನ್ನೂ ನಂಬಬೇಕಾ?’

ಸೋದರಿ, ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪತ್ರದಲ್ಲಿ ಅದೇ ಜಾಸ್ತಿ ಇದೆ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಅವ್ವ ದೇವಿಯ ಬುಟ್ಟಿ, ಅಂದರೆ ಪಡಲಗಿ ತುಂಬಿಸಿ, ಹಣೆತುಂಬ ಭಂಡಾರ ಹಚ್ಚಿಕೊಂಡು ನಿಂತರೆ ಮುಖ ಹಗುರಾಗಿರುತ್ತದೆ, ಅದನ್ನು ನೋಡಿ ನಿಮಗೆ ಸಿಟ್ಟು ಬರುತ್ತದೆ ಎಂದಿದ್ದೀರಿ. ಸಿಟ್ಟು ಬರದೆ ಇರುತ್ತಾ? ಆದರೆ ಯಾರ ಮೇಲೆ? ಮುತ್ತು ಕಟ್ಟಿದವರು ಮನುಷ್ಯರು. ತಲೆಯಲ್ಲಿ ಜಡೆಗಟ್ಟಿದ್ದನ್ನು ನೋಡಿ ‘ಅಮ್ಮ ಕರೆದಾಳ’ ಎಂದು ಹೆದರಿಸಿದವರು ಮನುಷ್ಯರು. ಅದರ ಲಾಭ ಉಂಡು ಎದ್ದು ಹೋದ ಊರ ದೊಡ್ಡವರೂ ಮನುಷ್ಯರೇ. ದೇವದಾಸಿ ಮಾಡುವುದನ್ನು ಅಪರಾಧ ಎಂದ ಕಾಯ್ದೆ 1982ರದ್ದು. ಅಂದರೆ ನಿಮ್ಮ ತಾಯಿಗೆ ಮುತ್ತು ಕಟ್ಟುವಾಗ ಅದು ಆಗಲೇ ಪುಸ್ತಕದಲ್ಲಿತ್ತು. ದೂರು ಕೊಡುವವರು, ಕೇಸ್ ನಡೆಸುವವರು ಇರಲಿಲ್ಲ, ಅಷ್ಟೇ. ನೀವು ಕರಿಕೋಟು ಹಾಕಬೇಕು ಅನ್ನೋದಕ್ಕೆ ಬೇರೆ ಕಾರಣ ಯಾಕೆ ಬೇಕು?

ನಂಬುವುದು ಬಿಡುವುದು ಈ ವರ್ಷವೇ ಇತ್ಯರ್ಥ ಆಗಬೇಕಿಲ್ಲ. ಅವ್ವನ ಜತೆ ಗುಡ್ಡಕ್ಕೆ ಹೋಗಿ, ಅಲ್ಲೇ ಸಿಟ್ಟೂ ಮಾಡಿಕೊಳ್ಳಿ. ಅದು ಇತ್ಯರ್ಥ ಆಗೋವರೆಗೆ ಪರೀಕ್ಷೆ ಕಟ್ಟಲ್ಲ ಅಂತ ಕೂತರೆ ಮಾತ್ರ ನನಗೆ ಬೇಜಾರು.

ನಿಮ್ಮ ಜಿಲ್ಲೆಯವರೇ ಆದ ಸೀತವ್ವ ಜೋಡಟ್ಟಿ ಅವರ ಹೆಸರು ಕೇಳಿರುತ್ತೀರಿ. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು. ಮುಂದೆ ದೇವದಾಸಿಯರಿಗಾಗಿ ಕೆಲಸ ಮಾಡುವ ಘಟಪ್ರಭಾದ ‘ಮಾಸ್’ ಸಂಸ್ಥೆಯಲ್ಲಿ ನಿಂತು ತಮ್ಮಂಥ ಹೆಣ್ಣುಮಕ್ಕಳನ್ನೇ ಒಗ್ಗೂಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಎಲ್ಲರಿಗೂ ಪ್ರಶಸ್ತಿ ಬರುತ್ತದೆ ಅಂತ ಹೇಳುತ್ತಿಲ್ಲ. ಆದರೆ ತಮ್ಮ ಹಿಂದಿನ ದಿನಗಳನ್ನು ಅವರು ಮುಚ್ಚಿಡಲಿಲ್ಲ. ಅದನ್ನೇ ಹಿಡಿದು ಕೆಲಸ ಮಾಡಿದರು.

ಈಗ ಕೆಲಸದ ಮಾತು. ದ್ವಿತೀಯ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ. ಪಾಸಾದ ವಿಷಯಗಳನ್ನು ಮತ್ತೆ ಬರೆಯುವುದು ಬೇಡ, ಇಂಗ್ಲಿಷ್ ಒಂದನ್ನೇ ಕಟ್ಟಿದರಾಯಿತು. ಓದಿದ ಕಾಲೇಜಿಗೆ ಹಳೇ ಅಂಕಪಟ್ಟಿ ಹಿಡಿದು ಹೋಗಿ. ಗುಮಾಸ್ತರು ‘ಇಷ್ಟು ದಿನ ಎಲ್ಲಿದ್ದೆ’ ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ ಬಿಡಿ.

ಪಾಸಾದ ಮೇಲೆ ಎರಡು ದಾರಿ. ನೇರವಾಗಿ ಐದು ವರ್ಷದ ಕಾನೂನು ಕೋರ್ಸ್. ಅದಕ್ಕೆ ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಇಲ್ಲವೇ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮುಗಿಸಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಮನೆ ನಡೆಯುವುದು ನಿಮ್ಮ ಸಂಬಳದಿಂದ ಎಂದಿದ್ದೀರಿ, ಹಾಗಾಗಿ ಎರಡನೆಯದೇ ವಾಸಿ ಅನ್ನಿಸುತ್ತದೆ. ಬಿಎ ಮುಗಿಯೋವರೆಗೆ ಕೆಲಸ ಬಿಡಬೇಕಾಗಿಲ್ಲ. ಕಾನೂನು ಕಾಲೇಜು ಬೆಳಗಾವಿಯಲ್ಲೇ ಇದೆ.

ಇನ್ನು ಆ ಪ್ಯಾನ್ ಫಾರ್ಮ್. ತಂದೆ ಹೆಸರಿನ ಜಾಗ ನೋಡಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ ಎಂದು ಬರೆದಿದ್ದೀರಲ್ಲ, ಅದನ್ನು ಹೊರಗೆ ತೆಗೆಯಿರಿ. ಒಂಟಿ ತಾಯಿಯ ಮಕ್ಕಳು ತಾಯಿ ಹೆಸರಷ್ಟೇ ಬರೆದರೆ ಸಾಕು, 2018ರ ಡಿಸೆಂಬರ್‌ನಿಂದ ನಿಯಮ ಹಾಗಿದೆ. ಪಾಸ್‌ಪೋರ್ಟಿಗೂ ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಕೌಂಟರಿನಲ್ಲಿ ಯಾರಾದರೂ ತಕರಾರು ತೆಗೆದರೆ ‘ನಿಯಮ ತೋರಿಸಿ’ ಅನ್ನಿ. ಮುಂದೆ ಕೋರ್ಟಿನಲ್ಲಿ ದಿನವೂ ಅದನ್ನೇ ಅನ್ನಬೇಕಲ್ವಾ? ಇಂಗ್ಲಿಷ್ ಪರೀಕ್ಷೆಯ ತಾರೀಖು ಗೊತ್ತಾದ ಕೂಡಲೇ ಅಂಗಡಿ ಮಾಲೀಕರಿಗೆ ಹೇಳಿ ರಜೆ ಬರೆಸಿಡಿ. ಮದುವೆ ಸೀಸನ್ ಬಂದರೆ ಅವರು ಬಿಡಲಿಕ್ಕಿಲ್ಲ.

– ಸಂಪಾದಕ