ಒಂದು ದಿನಕ್ಕೆ ಮಂಗಳೂರಿಗೆ ಹೋದರೆ ಬಾವುಟಗುಡ್ಡದ ಚಾಪೆಲ್ (ಪುಟ್ಟ ಚರ್ಚ್) ನೋಡಲೇಬೇಕಾ?

ಖಂಡಿತ ನೋಡಿ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮಂಗಳೂರು. ಸುಮಾರು 350 ಕಿ.ಮೀ. ಅಲೋಶಿಯಸ್ ಕಾಲೇಜು ಅಂದರೆ ಯಾವ ಆಟೋದವರಾದರೂ ಕರೆದುಕೊಂಡು ಹೋಗುತ್ತಾರೆ. ಚಾಪೆಲ್ ಇರುವುದು ಅದರ ಆವರಣದಲ್ಲೇ.

ಹೊರಗಿನಿಂದ ನೋಡಿ ಇಷ್ಟೇನಾ ಅನ್ನಿಸಬಹುದು. ಒಳಗೆ ಹೋಗಿ ತಲೆ ಎತ್ತಿ. ಗೋಡೆ, ಛಾವಣಿ ಎಲ್ಲಾ ಚಿತ್ರಗಳೇ! ಬಿಡಿಸಿದವರು ಇಟಲಿಯವರಾದ, ಜೆಸುಯಿಟ್ ಎಂಬ ಕ್ಯಾಥೊಲಿಕ್ ಧರ್ಮಸಂಘದ ಬ್ರದರ್ ಆಂಟೋನಿಯೊ ಮೊಸ್ಕೇನಿ, 1900ರ ಆಸುಪಾಸಿನಲ್ಲಿ. ಕೆಲವು ಕ್ಯಾನ್ವಾಸ್ ಮೇಲಿನ ತೈಲಚಿತ್ರ, ಉಳಿದವು ಫ್ರೆಸ್ಕೊ. ಅಂದರೆ ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಆಮೇಲೆ ಬಣ್ಣ ಗೋಡೆಯದೇ ಭಾಗವಾಗುತ್ತದೆ. ತಪ್ಪಾದರೆ ಗಾರೆ ಕೆತ್ತಿ ಮತ್ತೆ ಶುರು ಮಾಡಬೇಕು! ಛಾವಣಿಯ ನಡುವೆ ಸಂತ ಅಲೋಶಿಯಸ್ ಗೊನ್ಜಾಗರ ಬದುಕಿನ ಚಿತ್ರಗಳಿವೆ. ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ರೋಮ್‌ನಲ್ಲಿ 1591ರಲ್ಲಿ ತೀರಿಕೊಂಡಾಗ ಅವರಿಗೆ 23 ವರ್ಷ ಅಷ್ಟೇ.

ಪೂಜೆ, ಮದುವೆ ಇದ್ದರೆ ಒಳಗೆ ಬಿಡದೆ ಇರಬಹುದು, ಮೊದಲೇ ಫೋನ್ ಮಾಡಿ ಕೇಳಿ. ಗಡಿಬಿಡಿ ಬೇಡ, ಸುಮ್ನೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಿ. ಸಂಜೆಯಾದರೆ ಪಕ್ಕದ ಠಾಗೋರ್ ಪಾರ್ಕಿಗೆ ನಡೆಯಿರಿ, ಊರಿನ ಆಚೆ ಕಡಲು ಕಾಣುತ್ತದೆ.